ಹಳೆಯ ಚಿಮ್ನಿ ಗೋಡೆಗೆ ಸುಣ್ಣದ ಗಾರೆ: ಲೆಸ್ಟರ್‌ನ ಒಂದು ಟೆರೇಸ್ ಮನೆಯ ಕೆಲಸ

ಮನೆ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ, 1890ರ ದಶಕದ ಟೆರೇಸ್ ಸಾಲಿನದು, ಅಂದರೆ ಗೋಡೆಗೆ ಗೋಡೆ ಅಂಟಿಸಿ ಕಟ್ಟಿದ ಮನೆಗಳ ಸಾಲು. ಮುಂದಿನ ಕೋಣೆಯಲ್ಲಿ ಪಕ್ಕದ ಮನೆಗೆ ಅಂಟಿದ ಗೋಡೆಯಿಂದ ಚಿಮ್ನಿಯ ಇಟ್ಟಿಗೆ ಕಟ್ಟಡ 35 ಸೆಂ.ಮೀ. ಮುಂದಕ್ಕೆ ಚಾಚಿಕೊಂಡಿದೆ. ಇಲ್ಲಿ ಇದನ್ನು ಚಿಮ್ನಿ ಬ್ರೆಸ್ಟ್ ಅನ್ನುತ್ತಾರೆ; ಕೆಳಗೆ ಚಿಮ್ನಿ ಗೋಡೆ ಅಂತಲೇ ಬರೆದಿದೆ. ಅಗಲ 1.5 ಮೀಟರ್, ಎತ್ತರ 2.5 ಮೀಟರ್, ನಡುವೆ 90 × 95 ಸೆಂ.ಮೀ. ಅಳತೆಯ ಅಗ್ಗಿಷ್ಟಿಕೆಯ ಬಾಯಿ. ಹಿಂದಿನವರು ಇಟ್ಟಿಗೆ ಕಾಣಲಿ ಎಂದು ಎದೆಮಟ್ಟದವರೆಗೆ ಪ್ಲಾಸ್ಟರ್ ಕಿತ್ತಿದ್ದರು. ಅದರ ಮೇಲೆ ಉಳಿದಿದ್ದ ಜಿಪ್ಸಂ ತೇಪೆಯಲ್ಲಿ ಚಹಾ ಬಣ್ಣದ ಕಲೆ ಇಳಿದಿತ್ತು. ಈಗ ಆಗಬೇಕಾದದ್ದು: ಪೂರ್ತಿ ಗೋಡೆಗೆ ಹೊಸ ಗಾರೆ, ಬಾಯಿ ತೆರೆದೇ ಇರಬೇಕು, ಮುಂದೆ ಅಲ್ಲಿ ಕಟ್ಟಿಗೆ ಉರಿಸುವ ಸ್ಟೌವ್ ಕೂರಬೇಕು.

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಮನೆ ಕಟ್ಟಿಸಿ ಬಂದವರ ತಲೆಗೆ ಮೊದಲು ಬರುವುದು ಸಿಮೆಂಟು. ಒಂದಕ್ಕೆ ನಾಲ್ಕು ಮರಳು, ಮೇಲೆ ಏಳು ದಿನ ಪೈಪಿನಲ್ಲಿ ನೀರು. ಇಲ್ಲಿನ ಅವಸರದ ಪ್ಲಾಸ್ಟರರ್ ಜಿಪ್ಸಂ ಚೀಲ ತರುತ್ತಾನೆ, ಇಲ್ಲವೇ ಪ್ಲಾಸ್ಟರ್‌ಬೋರ್ಡಿಗೆ ಅಂಟಿನ ಮುದ್ದೆ ಹಚ್ಚಿ ಗೋಡೆಗೆ ಒತ್ತಿಬಿಡುತ್ತಾನೆ. ಈ ಗೋಡೆಗೆ ಮೂರೂ ಒಗ್ಗುವುದಿಲ್ಲ. ಕಾರಣ ಇಟ್ಟಿಗೆಯ ಒಳಗೇ ಇದೆ.

ಅರವತ್ತು ಎಪ್ಪತ್ತು ವರ್ಷ ಕಲ್ಲಿದ್ದಲು ಉರಿದ ಚಿಮ್ನಿ ಇದು. 1952ರ ಡಿಸೆಂಬರಿನ ಲಂಡನ್ ಹೊಗೆಮಂಜಿನ ನಂತರ 1956ರಲ್ಲಿ ಕ್ಲೀನ್ ಏರ್ ಆಕ್ಟ್ ಬಂತು. ಊರೂರಿನಲ್ಲಿ ಕಲ್ಲಿದ್ದಲಿನ ಒಲೆಗಳು ಒಂದೊಂದಾಗಿ ಆರಿದವು, ಆ ಜಾಗಕ್ಕೆ ಗ್ಯಾಸ್ ಹೀಟರು ಬಂತು. ಉರಿ ನಿಂತಿತು, ಅದು ಬಿಟ್ಟುಹೋದ ಸಲ್ಫೇಟು, ಕ್ಲೋರೈಡು, ನೈಟ್ರೇಟು ಮಾತ್ರ ಇಟ್ಟಿಗೆಯಲ್ಲಿ, ಸಂದಿನ ಸುಣ್ಣದಲ್ಲಿ ಹಾಗೇ ಕೂತಿವೆ. ಮಳೆಗಾಲದಲ್ಲಿ ಮಲೆನಾಡಿನ ಅಡುಗೆಮನೆಯ ಉಪ್ಪಿನ ಭರಣಿ ನೀರೊಡೆಯುವ ಹಾಗೆ ಈ ಉಪ್ಪುಗಳೂ ಗಾಳಿಯ ತೇವ ಎಳೆದುಕೊಂಡು ನೀರಾಗುತ್ತವೆ. ಮಾಡು ಸೋರದಿದ್ದರೂ ಗೋಡೆ ಒದ್ದೆ ಕಾಣುವುದು ಇದರಿಂದಲೇ. ಆ ನೀರಿನಲ್ಲಿ ಮಸಿಯ ಟಾರು ಕರಗಿ ಹೊರಮುಖಕ್ಕೆ ಬಂದು ಕಂದು ಕಲೆಯಾಗುತ್ತದೆ.

ಜಿಪ್ಸಂ ಈ ಉಪ್ಪುನೀರನ್ನು ಹೀರಿ ಮೆತ್ತಗಾಗುತ್ತದೆ. ಜೊತೆಗೆ 50 ಡಿಗ್ರಿಯ ಆಸುಪಾಸಿನ ಶಾಖ ಸತತವಾಗಿ ತಾಗಿದರೆ ತನ್ನೊಳಗಿನ ನೀರು ಕಳೆದುಕೊಂಡು ಹುಡಿಯಾಗುತ್ತದೆ. ಸ್ಟೌವ್ ಬರುವ ಗೋಡೆಗೆ ಅದು ಹೇಳಿಸಿದ್ದಲ್ಲ. ಬೋರ್ಡು ಅಂಟಿಸಿದರೆ ಮುದ್ದೆ ತಾಗಿದ ಕಡೆಯಲ್ಲೆಲ್ಲ ಉಪ್ಪು ದಾಟಿ ಬಂದು, ಗೋಡೆಯ ಮೇಲೆ ಕಾಸಿನಗಲದ ಕಂದು ಚುಕ್ಕಿಗಳು ಸಾಲಾಗಿ ಮೂಡುತ್ತವೆ. ಆ ಸಾಲು ನೋಡಿಯೇ ಒಳಗೆ ಏನು ಮಾಡಿದ್ದಾರೆ ಎಂದು ಹೇಳಿಬಿಡಬಹುದು. ಸಿಮೆಂಟು ಕಲೆಯನ್ನೇನೋ ಕೆಲಕಾಲ ತಡೆಯುತ್ತದೆ. ಆದರೆ ಮೆತ್ತನೆಯ ಇಟ್ಟಿಗೆ, ಸುಣ್ಣದ ಸಂದು ಇರುವ ಕಟ್ಟಡದ ಮೇಲೆ ಅಷ್ಟು ಗಡಸು ಪದರ ಕೂರಿಸಿದರೆ ತೇವ ಹಿಂದೆಯೇ ಉಳಿಯುತ್ತದೆ, ಉಪ್ಪು ಅಲ್ಲೇ ಹರಳುಗಟ್ಟಿ ಇಟ್ಟಿಗೆಯ ಮುಖ ಒಡೆಯುತ್ತದೆ, ಕೊನೆಗೆ ಸಿಮೆಂಟು ಹಲಗೆಯ ಹಾಗೆ ಇಟ್ಟಿಗೆಯ ಚಕ್ಕೆಯನ್ನೂ ಹೊತ್ತುಕೊಂಡು ಕಳಚುತ್ತದೆ. ಹಾಗಾಗಿ ಇಲ್ಲಿ ಆರಿಸಿದ್ದು ಎನ್‌ಎಚ್‌ಎಲ್ 3.5, ಅಂದರೆ ನೀರಿನಲ್ಲೂ ಗಟ್ಟಿಯಾಗುವ ಜಾತಿಯ ಸುಣ್ಣ. ಇಟ್ಟಿಗೆಗಿಂತ ಮೆತ್ತಗಿರುತ್ತದೆ, ಆವಿಯನ್ನು ಹೊರಗೆ ಬಿಡುತ್ತದೆ, ಸ್ವಲ್ಪ ಉಪ್ಪು ಬಂದರೂ ತನ್ನ ರಂಧ್ರಗಳಲ್ಲಿ ಜಾಗ ಕೊಡುತ್ತದೆ. ಉಪ್ಪನ್ನು ಪೂರ್ತಿ ನಿಲ್ಲಿಸುವ ಪ್ಲಾಸ್ಟರು ಎಂದು ಯಾರಾದರೂ ಮಾರಲು ಬಂದರೆ ನಂಬಬೇಡಿ.

ಮೊದಲು ಮಾಡಿನ ಮೇಲೆ

ಕರಣೆ ಕೈಗೆತ್ತಿಕೊಳ್ಳುವ ಮೊದಲು ಬೀದಿಗೆ ಹೋಗಿ ದುರ್ಬೀನು ಹಿಡಿದು ಚಿಮ್ನಿಯ ತಲೆ ನೋಡಬೇಕು. ಮಡಕೆಯಾಕಾರದ ಪಾಟ್ ಬಾಯಿ ತೆರೆದಿದೆಯೇ, ಅದರ ಬುಡಕ್ಕೆ ಮೆತ್ತಿದ ಗಾರೆ ಬಿರಿದಿದೆಯೇ, ಇಟ್ಟಿಗೆ ಮಾಡಿಗೆ ಸೇರುವಲ್ಲಿ ಸೀಸದ ತಗಡು ಎದ್ದಿದೆಯೇ. ಇಲ್ಲಿ ಪಾಟಿನ ಬುಡದ ಗಾರೆ ಎರಡು ಕಡೆ ಸೀಳಿತ್ತು, ಟೋಪಿ ಇರಲಿಲ್ಲ. ಹೊಗೆದಾರಿ ನೇರವಾಗಿ ಮಳೆ ಕುಡಿಯುತ್ತಿತ್ತು. ಇದನ್ನು ಸರಿಮಾಡದೆ ಒಳಗೆ ಎಂಥ ಗಾರೆ ಹಾಕಿದರೂ ದುಡ್ಡು ದಂಡ. ಮೇಲಿನ ಕೆಲಸಕ್ಕೆ ಸ್ಕಾಫೋಲ್ಡಿಂಗ್ ಬೇಕು, ಅದು ಮನೆಯವರು ಏಣಿ ಹಾಕಿ ಮಾಡುವಂಥದ್ದಲ್ಲ.

ಮಾಡು ಸರಿಯಾದ ಮೇಲೆ ಗೋಡೆಗೆ ಒಣಗಲು ಸಮಯ ಕೊಡಬೇಕು, ಒಂದು ಬೇಸಿಗೆಯಾದರೂ. ಸೂಜಿ ಚುಚ್ಚುವ ತೇವದ ಮೀಟರನ್ನು ಈ ಗೋಡೆಯಲ್ಲಿ ನಂಬುವಂತಿಲ್ಲ. ಉಪ್ಪೂ ಮಸಿಯೂ ವಿದ್ಯುತ್ ಹರಿಸುವುದರಿಂದ ಒಣ ಗೋಡೆಯಲ್ಲೂ ಮುಳ್ಳು ಕೊನೆಗೆ ಹೋಗಿ ನಿಲ್ಲುತ್ತದೆ. ಮಳೆ ಬಂದ ಮರುದಿನವೂ, ಒಣಹವೆಯ ಒಂದು ವಾರದ ನಂತರವೂ ಅದೇ ಜಾಗ ನೋಡಿ. ಮಳೆಗೆ ತಕ್ಕಂತೆ ಕಲೆ ಹಿಗ್ಗಿದರೆ ಇನ್ನೂ ಸೋರುತ್ತಿದೆ. ಮಳೆಯಿಲ್ಲದೆ, ಬರಿಯ ಮುಗಿಲು ಕವಿದ ತೇವದ ದಿನ ಗೋಡೆ ಬೆವತರೆ ಅದು ಉಪ್ಪಿನ ಆಟ.

ಹೊಗೆದಾರಿಯನ್ನು ಮುಂದೆ ಏನು ಮಾಡುತ್ತೀರಿ ಎಂಬುದೂ ಈಗಲೇ ತೀರ್ಮಾನವಾಗಬೇಕು. ಸ್ಟೌವ್ ಬರುವುದಾದರೆ ಚಿಮ್ನಿ ಗುಡಿಸಿ, ಹೊಗೆ ಪರೀಕ್ಷೆ ಮಾಡಿಸಿ. ಗಾರೆ ಮುಗಿದ ಮೇಲೆ ಒಳಗೆ ಸ್ಟೇನ್‌ಲೆಸ್ ಕೊಳವೆ ಇಳಿಯುತ್ತದೆ. ಇಟ್ಟಿಗೆಯ ಬಿರುಕಿನಿಂದ ಹೊಗೆ ಕೋಣೆಗೆ ಬರುತ್ತಿದ್ದರೆ ಅದನ್ನು ಗಾರೆಯಿಂದ ಮುಚ್ಚಿ ಸರಿಯಾಯಿತು ಎಂದುಕೊಳ್ಳುವುದು ಪ್ರಾಣಕ್ಕೆ ಎರವು. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಅಗ್ಗಿಷ್ಟಿಕೆ ಬೇಡವೆಂದು ಬಾಯಿಗೆ ಇಟ್ಟಿಗೆ ಕಟ್ಟುವುದಾದರೆ ಕೆಳಗೆ ಒಂದು ಗಾಳಿಜಾಲರಿ, ಮೇಲೆ ಗಾಳಿಯಾಡುವ ಟೋಪಿ ಎರಡೂ ಇರಲೇಬೇಕು. ಎರಡರಲ್ಲಿ ಒಂದು ಮುಚ್ಚಿದರೂ ಒಳಗಿನ ಗಾಳಿ ನಿಂತು, ತೇವ ಮಸಿಯ ಮೇಲೆ ಹನಿಗಟ್ಟಿ, ಉಪ್ಪು ಮತ್ತೆ ಎದ್ದು ಕೂರುತ್ತದೆ.

ಕಿತ್ತು ಹಾಕುವುದು

ಹಳೆಯ ಗ್ಯಾಸ್ ಹೀಟರು ಇದ್ದ ಜಾಗವಾದ್ದರಿಂದ ಬಾಯಿಯ ಮೂಲೆಯಲ್ಲಿ ತುಂಡಾದ ತಾಮ್ರದ ಪೈಪು ಇತ್ತು. ಮುಚ್ಚಿದ ಹಾಗೆ ಕಂಡರೂ ಅದರಲ್ಲಿ ಗ್ಯಾಸ್ ಇರಬಹುದು. ಗ್ಯಾಸ್ ಸೇಫ್ ನೋಂದಣಿಯ (ಗ್ಯಾಸ್ ಕೆಲಸಕ್ಕೆ ಇಲ್ಲಿ ಬೇಕಾದ ಅಧಿಕೃತ ನೋಂದಣಿ) ಕೆಲಸಗಾರ ಬಂದು ಮೂಲದಲ್ಲೇ ಕಡಿದು ಕೊಡುವ ತನಕ ಉಳಿ ಎತ್ತಬಾರದು. ಹೀಟರಿನ ಹಿಂದಿನ ಬೂದು ಹಲಗೆ ಕಂಡರೆ ಮುರಿಯಬೇಡಿ, ಆಸ್‌ಬೆಸ್ಟಾಸ್ ಇರುವ ಸಾಧ್ಯತೆ ಹೆಚ್ಚು. ಬ್ರಿಟನ್ನಿನಲ್ಲಿ ಅದರ ಪೂರ್ತಿ ನಿಷೇಧ ಆದದ್ದು 1999ರಲ್ಲಿ. ಅದಕ್ಕಿಂತ ಹಿಂದಿನ ಯಾವ ಹಲಗೆಯನ್ನೂ ಪರೀಕ್ಷೆ ಮಾಡಿಸಿಯೇ ಮುಟ್ಟಬೇಕು. ಗೋಡೆದೀಪದ ವೈರು ಚಿಮ್ನಿ ಗೋಡೆಯಲ್ಲಿ ಅಡ್ಡಾದಿಡ್ಡಿ ಹೋಗಿರುವುದು ಈ ಮನೆಗಳಲ್ಲಿ ಮಾಮೂಲು, ಡಿಟೆಕ್ಟರ್ ಆಡಿಸಿ. ಆಚೆಮನೆಯವರ ಹೊಗೆದಾರಿ ಇದೇ ಗೋಡೆಗೆ ಬೆನ್ನು ಕೊಟ್ಟಿರುತ್ತದೆ. ಅವರ ಒಲೆ ಉರಿಯುತ್ತಿದೆಯೇ ಎಂದು ಕೇಳಿಕೊಂಡು ಬರುವುದು ಒಳ್ಳೆಯದು. ಬರಿಯ ಗಾರೆಗೆ 1996ರ ಪಾರ್ಟಿ ವಾಲ್ ಕಾಯಿದೆಯ, ಅಂದರೆ ಎರಡು ಮನೆಗಳ ನಡುಗೋಡೆಯ ಕಾಯಿದೆಯ, ನೋಟಿಸನ್ನು ಪಕ್ಕದವರಿಗೆ ಕೊಡಬೇಕಿಲ್ಲ. ಚಿಮ್ನಿ ಗೋಡೆಯನ್ನೇ ಕಡಿಯುವುದಾದರೆ ಬೇಕು.

ಅಗ್ಗಿಷ್ಟಿಕೆಯ ಬಾಯಿಗೆ ಹಲಗೆ ಇಟ್ಟು ಟೇಪು ಅಂಟಿಸಿ, ಬಾಗಿಲಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ. ಹಳೆಯ ಮಸಿ ಒಮ್ಮೆ ಕಾರ್ಪೆಟ್ಟಿಗೆ ಬಿದ್ದರೆ ಕಾರ್ಪೆಟ್ ಹೋದಂತೆಯೇ. ನಿಮ್ಮ ಮೂಗುಬಾಯಿಗೆ ನಯ ಧೂಳು ತಡೆಯುವ ಎಫ್‌ಎಫ್‌ಪಿ3 ಮಾಸ್ಕು, ಬಟ್ಟೆಯದಲ್ಲ. ಪ್ಲಾಸ್ಟರ್ ಎಬ್ಬಿಸಲು ಅಗಲ ಉಳಿ, ಒಂದು ಕಿಲೋ ಸುತ್ತಿಗೆ ಸಾಕು. ಸುತ್ತಿಗೆಯಂತೆ ಬಡಿಯುವ ಎಸ್‌ಡಿಎಸ್ ಡ್ರಿಲ್ ಬಳಸುವುದಾದರೆ ಉಳಿಯನ್ನು ಗೋಡೆಗೆ ಆದಷ್ಟು ಸಮಾನಾಂತರವಾಗಿ ಹಿಡಿಯಬೇಕು. ನೇರ ಚುಚ್ಚಿದರೆ ಇಟ್ಟಿಗೆಯ ಸುಟ್ಟ ಮುಖ ಎದ್ದು ಬರುತ್ತದೆ, ಒಳಗಿನ ಮೆತ್ತನೆಯ ತಿರುಳು ಬಯಲಾಗುತ್ತದೆ.

ಎಲ್ಲ ಬಯಲಾದ ಮೇಲೆ ಸಂದುಗಳನ್ನು 15 ಮಿ.ಮೀ. ಆಳಕ್ಕೆ ಕೆರೆದು ತೆಗೆಯಬೇಕು. ಹೊಸ ಗಾರೆಗೆ ಹಿಡಿತ ಸಿಗುವುದು ಇಲ್ಲಿಂದಲೇ, ಮತ್ತು ಹೆಚ್ಚು ಉಪ್ಪು ಕೂತಿರುವುದೂ ಈ ಹಳೆಯ ಸುಣ್ಣದಲ್ಲೇ. ಸಂದಿನಲ್ಲಿ ಹೊಡೆದ ಮರದ ಬೆಣೆಗಳು ಸಿಗುತ್ತವೆ, ಹಿಂದಿನ ಕಾಲದಲ್ಲಿ ಸ್ಕರ್ಟಿಂಗ್ ಕೂರಿಸಲು ಬಡಿದದ್ದು, ಎಲ್ಲವನ್ನೂ ಕೀಳಿ. ಗೋಡೆಯನ್ನು ಗಡಸು ಬ್ರಷ್ಷಿನಿಂದ ಒಣಗಿಯೇ ಉಜ್ಜಿ, ವ್ಯಾಕ್ಯೂಮ್ ಹಿಡಿಯಿರಿ. ಪೈಪ್ ಹಿಡಿದು ತೊಳೆಯುವುದು ಬೇಡ. ನೀರು ಉಪ್ಪನ್ನು ಕರಗಿಸಿ ಇನ್ನೂ ಆಳಕ್ಕೆ ತಳ್ಳುತ್ತದೆ, ಒಣಗುವಾಗ ಅದು ಮತ್ತೆ ಹೊರಬರುತ್ತದೆ. ಬೆರಳಿಟ್ಟರೆ ಕಪ್ಪು ಹತ್ತದಷ್ಟು ಮಸಿ ಹೋಗಬೇಕು. ಮಸಿಯ ಮೇಲೆ ಯಾವ ಗಾರೆಯೂ ನಿಲ್ಲುವುದಿಲ್ಲ.

ಹೊಗೆದಾರಿಯ ಒಳಮೈಗೆ ಆಗಿನ ಕೆಲಸದವರು ಬಳಿದದ್ದು ಸುಣ್ಣದ ಗಾರೆಗೆ ಸೆಗಣಿ ಕಲಸಿದ ಲೇಪ. ಒಂದು ಸಡಿಲ ಇಟ್ಟಿಗೆ ತೆಗೆದರೆ ಹಿಂದೆ ಅದು ಪದರ ಪದರವಾಗಿ ಉದುರುತ್ತಿರುವುದು ಕಾಣುತ್ತದೆ. ನಮ್ಮ ಕಡೆಯವರಿಗೆ ಆಶ್ಚರ್ಯವಾಗಲಿಕ್ಕಿಲ್ಲ. ಅದು ಉದುರಿದೆ ಎಂಬುದಕ್ಕಾಗಿಯೇ ಸ್ಟೌವಿಗೆ ಸ್ಟೇನ್‌ಲೆಸ್ ಕೊಳವೆ ಹಾಕಿಸುವುದು.

ಬಿರುಕು, ಕಮಾನು, ಲಿಂಟಲ್

ಬಾಯಿಯ ಮೇಲೆ ಇಟ್ಟಿಗೆಯ ಕಮಾನು, ಕೆಳಗೆ ಅದನ್ನು ಹೊತ್ತ ಚಪ್ಪಟೆ ಕಬ್ಬಿಣದ ಪಟ್ಟಿ. ಕಬ್ಬಿಣ ತುಕ್ಕು ಹಿಡಿದು ಹಿಗ್ಗಿ ಮೇಲಿನ ಎರಡು ಸಾಲನ್ನು ಎತ್ತಿದರೆ ಅಡ್ಡ ಬಿರುಕು ಬರುತ್ತದೆ. ಇಲ್ಲಿ ತುಕ್ಕು ಮೇಲ್ಮೈಯಲ್ಲಷ್ಟೇ ಇತ್ತು. ತಂತಿ ಬ್ರಷ್ಷಿನಿಂದ ಕೆರೆದು ಶಾಖ ತಡೆಯುವ ತುಕ್ಕುನಿರೋಧಕ ಬಣ್ಣ ಹೊಡೆಯಲಾಯಿತು. ಸುಣ್ಣದ ಗಾರೆ ಪಟ್ಟಿಯನ್ನು ಮುಟ್ಟದಂತೆ ಅದರ ಕೆಳಅಂಚಿನಲ್ಲಿ 3 ಮಿ.ಮೀ. ಸಂದು ಬಿಟ್ಟಿದೆ, ಸ್ಟೌವ್ ಕಾದಾಗ ಕಬ್ಬಿಣ ಹಿಗ್ಗಲು ಅಷ್ಟು ಜಾಗ ಬೇಕು.

ಕಮಾನಿನ ನೆತ್ತಿಯಿಂದ ಮೇಲಕ್ಕೆ ಒಂದು ಕೂದಲೆಳೆಯ ಬಿರುಕು. ಕರಣೆಯ ತುದಿ ಹೋಗದಷ್ಟು ತೆಳುವಾದ್ದರಿಂದ ಸಂದುಗಳನ್ನು ತುಂಬಿ, ನಾಲ್ಕು ಸಾಲಿಗೊಂದರಂತೆ 6 ಮಿ.ಮೀ. ಸ್ಟೇನ್‌ಲೆಸ್ ತಿರುಚು ಸರಳುಗಳನ್ನು ಅಡ್ಡಲಾಗಿ ಗಾರೆಯಲ್ಲಿ ಹುದುಗಿಸಿದರೆ ಸಾಕಾಯಿತು. 5 ಮಿ.ಮೀ. ದಾಟಿದ ಬಿರುಕು, ಅಥವಾ ಮೇಲೆ ಅಗಲ ಕೆಳಗೆ ಕಿರಿದಾದ ಬಿರುಕು ಕಂಡರೆ ಸ್ಟ್ರಕ್ಚರಲ್ ಇಂಜಿನಿಯರ್ ನೋಡಲಿ. ಮೇಲಿನ ಅಂತಸ್ತಿನಲ್ಲಿ ಯಾರೋ ಚಿಮ್ನಿಯ ಅರ್ಧ ಕಡಿದು ಹಾಕಿರುವ ಪ್ರಕರಣಗಳು ಇಂಥ ಮನೆಗಳಲ್ಲಿ ಬೇಕಾದಷ್ಟಿವೆ.

ಅಗ್ಗಿಷ್ಟಿಕೆಯ ಚೌಕಟ್ಟು ಕೂರಿಸುವುದಿದ್ದರೆ ಅದರ ಕಿವಿಗಳು, ಅಂದರೆ ಇಟ್ಟಿಗೆಗೆ ಸ್ಕ್ರೂ ಹೊಡೆಯುವ ಪುಟ್ಟ ಕಬ್ಬಿಣದ ಕೊಂಡಿಗಳು, ಗಾರೆಯ ಅಡಿಗೆ ಹೋಗಬೇಕು. ಚೌಕಟ್ಟಿನ ಹೊರ ಅಳತೆಯನ್ನು ಗೋಡೆಯ ಮೇಲೆ ಗುರುತು ಹಾಕಿ, ಕಿವಿ ಬರುವಲ್ಲಿ ಅಂಗೈ ಅಗಲದ ಜಾಗ ಖಾಲಿ ಬಿಡಿ. ಇದನ್ನು ಮರೆತರೆ ಹೊಸ ಗಾರೆಯನ್ನೇ ಮತ್ತೆ ಉಳಿಯಿಂದ ಕೊಚ್ಚಬೇಕಾಗುತ್ತದೆ.

ಲೆಕ್ಕ

ಮುಂಭಾಗ 3.75 ಚದರ ಮೀಟರ್, ಅದರಲ್ಲಿ ಬಾಯಿ 0.85 ಕಳೆದರೆ 2.9. ಎರಡು ಮಗ್ಗುಲು ಸೇರಿ 1.75. ಒಟ್ಟು 4.65 ಚದರ ಮೀಟರ್. ಮೊದಲ ಪದರ 10 ಮಿ.ಮೀ., ಜೊತೆಗೆ ಸಂದು ಗುಂಡಿ ತುಂಬಲು, ಎಲ್ಲ ಸೇರಿ ಸುಮಾರು 60 ಲೀಟರ್ ಗಾರೆ. ಎರಡನೇ ಪದರ 9 ಮಿ.ಮೀ., 42 ಲೀಟರ್. ಬಿದ್ದುಹೋಗುವುದಕ್ಕೆ ಹತ್ತು ಶೇಕಡಾ ಸೇರಿಸಿದರೆ 112 ಲೀಟರ್.

ಒಂದಕ್ಕೆ ಎರಡೂವರೆ ಮರಳಿನ ಮಿಶ್ರಣದಲ್ಲಿ ಗಾರೆಯ ಗಾತ್ರ ಹೆಚ್ಚುಕಡಿಮೆ ಮರಳಿನ ಗಾತ್ರವೇ, ಸುಣ್ಣ ಮರಳಿನ ಸಂದುಗಳಲ್ಲಿ ಅಡಗಿಹೋಗುತ್ತದೆ. ಹಾಗಾಗಿ ಮರಳು 112 ಲೀಟರ್, ತೂಕದಲ್ಲಿ 175 ಕಿಲೋ: 25 ಕಿಲೋದ ಏಳು ಚೀಲ, ಕೈಯಲ್ಲಿರಲಿ ಎಂದು ಇನ್ನೊಂದು. ಸುಣ್ಣ 45 ಲೀಟರ್, ಅಂದರೆ 28 ಕಿಲೋ. ಎರಡು ಚೀಲ ತರಬೇಕಾಗುತ್ತದೆ, ಮಿಕ್ಕದ್ದು ತೇಪೆಗೆ ಆಗುತ್ತದೆ. ಮೊದಲ ಪದರಕ್ಕೆ ಆಡಿನ ಕೂದಲು 300 ಗ್ರಾಂ. ಕೊನೆಯ ಪದರಕ್ಕೆ ನೀರಿನಲ್ಲಿ ಅರಳಿಸಿದ ಸುಣ್ಣದ ಮುದ್ದೆ ಮತ್ತು ನಯ ಮರಳು ಸಮಸಮ ಬೆರೆಸಿದ ಸಿದ್ಧ ಮಿಶ್ರಣ, 20 ಲೀಟರ್.

ಮರಳು ಮುಷ್ಟಿಯಲ್ಲಿ ಹಿಂಡಿದರೆ ಚುಚ್ಚಬೇಕು, ಧೂಳಿನಿಂದ 4 ಮಿ.ಮೀ. ತನಕ ಎಲ್ಲ ಗಾತ್ರದ ಕಾಳೂ ಇರಬೇಕು. ಇಟ್ಟಿಗೆ ಕಟ್ಟಲು ಮಾರುವ ಮೆತ್ತನೆಯ ಹಳದಿ ಮರಳು ಇಲ್ಲಿನ ಅಂಗಡಿಗಳಲ್ಲಿ ಎದುರಿಗೇ ಇರುತ್ತದೆ, ಬೆಲೆಯೂ ಕಡಿಮೆ. ಅದರಲ್ಲಿ ಜೇಡಿ ಹೆಚ್ಚು, ಒಣಗುವಾಗ ಕುಗ್ಗಿ ಗೋಡೆಯಿಡೀ ಬಲೆಬಲೆಯಾಗಿ ಬಿರಿಯುತ್ತದೆ.

ನಮ್ಮ ಹಳೆಯ ಗಾರೆಗೆ ಬೆಲ್ಲ, ಅಳಲೆಕಾಯಿ ಹಾಕುತ್ತಿದ್ದರಲ್ಲ ಎಂದು ಕೇಳುವವರಿದ್ದಾರೆ. ಅದು ಬೇರೆ ಸುಣ್ಣ, ಬೇರೆ ಹವೆ. ಎನ್‌ಎಚ್‌ಎಲ್‌ಗೆ ಸಕ್ಕರೆಯ ಅಂಶ ಬಿದ್ದರೆ ಗಟ್ಟಿಯಾಗುವುದೇ ತಡವಾಗುತ್ತದೆ. ಹಾಕಬೇಡಿ.

ಕಲಸುವುದು, ಎರಚುವುದು

ಅಳತೆ ಬಕೆಟ್ಟಿನಲ್ಲಿ, ಸಲಿಕೆಯಲ್ಲಲ್ಲ. ಸಲಿಕೆಯಲ್ಲಿ ಒದ್ದೆ ಮರಳು ಒಂದು ರಾಶಿ, ಸುಣ್ಣ ಇನ್ನೊಂದು ರಾಶಿ ನಿಲ್ಲುತ್ತದೆ. ಒಣಗಿದ್ದಾಗಲೇ ಬಣ್ಣ ಒಂದಾಗುವ ತನಕ ಬೆರೆಸಿ, ನೀರು ಸ್ವಲ್ಪ ಸ್ವಲ್ಪ ಹಾಕುತ್ತ ಹತ್ತು ನಿಮಿಷ ತಿರುಗಿಸಿ, ಹತ್ತು ನಿಮಿಷ ಬಿಟ್ಟು, ಮತ್ತೆ ತಿರುಗಿಸಿ. ಮೊದಲು ಒಣಗಿದೆ ಅನ್ನಿಸುವ ಗಾರೆ ಎರಡನೇ ಸುತ್ತಿಗೆ ಬೆಣ್ಣೆಯಾಗುತ್ತದೆ. ಆ ತಾಳ್ಮೆಯಿಲ್ಲದೆ ನೀರು ಸುರಿದವರ ಗೋಡೆಯೇ ಬಿರಿಯುವುದು. ಕರಣೆಯ ಮೇಲೆ ಗಾರೆ ಇಟ್ಟು ತಲೆಕೆಳಗು ಮಾಡಿದರೂ ಬೀಳಬಾರದು. ಕೂದಲನ್ನು ಕೊನೆಗೆ ಬಿಡಿಬಿಡಿಯಾಗಿ ಉದುರಿಸಿ, ಉಂಡೆಗಟ್ಟಿದರೆ ಆ ಜಾಗ ಪೊಳ್ಳು. ಕನ್ನಡಕ, ಕೈಗವಸು ಕಡ್ಡಾಯ. ಸುಣ್ಣ ಕಣ್ಣಿಗೆ ಹಾರಿದರೆ ಉಜ್ಜದೆ, ಶುದ್ಧ ನೀರಿನಲ್ಲಿ ಬಹಳ ಹೊತ್ತು ತೊಳೆದು ಆಸ್ಪತ್ರೆಗೆ ಹೋಗಬೇಕು.

ಹಿಂದಿನ ಸಂಜೆ ಗೋಡೆಗೆ ನೀರು ಸಿಂಪಡಿಸಿ, ಹಚ್ಚುವ ಅರ್ಧ ಗಂಟೆ ಮೊದಲು ಮತ್ತೊಮ್ಮೆ. ಇಟ್ಟಿಗೆ ತೇವವಾಗಿರಬೇಕು, ಹೊಳೆಯಬಾರದು. ತೊಳೆಯಬೇಡಿ ಎಂದವರೇ ಈಗ ನೀರು ಹಾಕಿ ಅನ್ನುತ್ತಿದ್ದಾರಲ್ಲ ಎಂದರೆ, ಇದು ಕೈಪಂಪಿನ ಮಂಜು, ಒಟ್ಟು ಎರಡು ಮೂರು ಲೀಟರ್ ಅಷ್ಟೇ. ಒಣ ಇಟ್ಟಿಗೆ ಗಾರೆಯ ನೀರನ್ನು ಕ್ಷಣದಲ್ಲಿ ಹೀರಿಬಿಟ್ಟರೆ ಸುಣ್ಣ ಬಲಿಯಲು ನೀರೇ ಉಳಿಯುವುದಿಲ್ಲ, ತಟ್ಟಿದರೆ ಡೊಳ್ಳು ಸದ್ದು ಬರುತ್ತದೆ. ಪಿವಿಎ ಅಂಟು ಬಳಿಯುವ ಅಭ್ಯಾಸ ಇಲ್ಲಿ ಬಹಳ, ಈ ಕೆಲಸಕ್ಕೆ ಅದು ಬೇಡ. ಸುಣ್ಣಕ್ಕೂ ಇಟ್ಟಿಗೆಗೂ ನಡುವೆ ಅದು ಒಂದು ಪ್ಲಾಸ್ಟಿಕ್ ಹಾಳೆ.

ಇಲ್ಲಿನವರು ಗಾರೆಯನ್ನು ಕರಣೆಯಿಂದ ಸವರಿ ಹಚ್ಚುತ್ತಾರೆ. ನಮ್ಮ ಗಾರೆಯವರು ಮಣಿಕಟ್ಟು ತಿರುಗಿಸಿ ಎರಚುತ್ತಾರೆ. ಮಸಿ ಉಜ್ಜಿ ತೆಗೆದ, ನುಣುಪಾದ ಇಟ್ಟಿಗೆಗೆ ಎರಚುವುದೇ ವಾಸಿ: ಒಂದಕ್ಕೆ ಎರಡು ಮರಳಿನ, ಸ್ವಲ್ಪ ನೀರಾದ ಗಾರೆಯನ್ನು 3ರಿಂದ 5 ಮಿ.ಮೀ. ದಪ್ಪಕ್ಕೆ ರಭಸದಿಂದ ಎರಚಿ, ಮುಟ್ಟದೆ ಒರಟಾಗಿಯೇ ಬಿಡಬೇಕು. ರಭಸಕ್ಕೆ ಹಿಂದಿನ ಗಾಳಿ ಹೊರಟು ಗಾರೆ ರಂಧ್ರಗಳಿಗೆ ಕಚ್ಚುತ್ತದೆ. ಇದು ಮೊದಲ ಪದರದ 10 ಮಿ.ಮೀ. ಒಳಗೇ ಲೆಕ್ಕ. ಎರಡು ಮೂರು ದಿನ ಬಿಟ್ಟು ಉಳಿದದ್ದನ್ನು ಕೂದಲ ಗಾರೆಯಿಂದ ಒತ್ತಿ ಹಚ್ಚಿ. 15 ಮಿ.ಮೀ.ಗಿಂತ ಆಳದ ಗುಂಡಿಗಳನ್ನು ಇಟ್ಟಿಗೆ ಚೂರು ಸೇರಿಸಿ ಮೊದಲೇ ತುಂಬಿರಬೇಕು, ಒಂದೇ ಸಲಕ್ಕೆ ದಪ್ಪ ಹಚ್ಚಿದರೆ ಜಾರುತ್ತದೆ.

ಹಚ್ಚಿದ ಮೇಲೆ ಹೆಬ್ಬೆರಳು ಒತ್ತಿದರೆ ಗುರುತು ಮೂಡಿ ಗಾರೆ ಅಂಟದಿರುವ ಹೊತ್ತಿಗೆ ಓರೆ ಗೆರೆಗಳನ್ನು ಗೀರಿ, ಚೌಕುಳಿಯಾಗಿ, 4–5 ಮಿ.ಮೀ. ಆಳಕ್ಕೆ. ಇಟ್ಟಿಗೆ ತಾಗುವಷ್ಟು ಗೀರಿದರೆ ಆ ಗೆರೆಯಲ್ಲೇ ಸೀಳುತ್ತದೆ. ಬಾಯಿಯ ಎರಡು ಮೇಲ್ಮೂಲೆಗಳಿಗೆ ಕ್ಷಾರ ತಡೆಯುವ ಗಾಜುನಾರಿನ ಬಲೆ, 30 ಸೆಂ.ಮೀ. ಉದ್ದದ ತುಂಡು, ಓರೆಯಾಗಿ ಹುದುಗಿಸಿ. ಈ ಮೂಲೆಗಳಿಂದ ಓರೆಬಿರುಕು ಹೊರಡದ ಚಿಮ್ನಿ ಗೋಡೆ ಅಪರೂಪ.

ಮೂಲೆ

ಚಿಮ್ನಿ ಗೋಡೆ ಚೆನ್ನಾಗಿದೆಯೋ ಇಲ್ಲವೋ ಎಂದು ಕಣ್ಣಿಗೆ ಬೀಳುವುದು ಎರಡು ನಿಂತ ಮೂಲೆಗಳಲ್ಲಿ. ಸತು ಬಳಿದ ಕಬ್ಬಿಣದ ಮೂಲೆಪಟ್ಟಿ ಹಾಕಿದರೆ ಉಪ್ಪು ಅದನ್ನು ತಿಂದು ತುಕ್ಕಿನ ಗೆರೆ ಎಳೆಯುತ್ತದೆ. ಹಾಕಲೇಬೇಕೆಂದರೆ ಸ್ಟೇನ್‌ಲೆಸ್, ಅದನ್ನೂ ಜಿಪ್ಸಂ ಮುದ್ದೆಯಿಂದ ಅಂಟಿಸದೆ ಸ್ಟೇನ್‌ಲೆಸ್ ಮೊಳೆಯಿಂದ. ಇಲ್ಲಿ ಪಟ್ಟಿಯಿಲ್ಲದೆ, ಮರದ ರೀಪು ಕಟ್ಟಿ ಮಾಡಿದ್ದು.

ನೇರವಾದ, ರಂದಾ ಹೊಡೆದ 50 × 25 ಮಿ.ಮೀ. ರೀಪನ್ನು ಮಗ್ಗುಲಿಗೆ ತಾಗಿಸಿ, ಅದರ ಅಂಚು ಮುಂಭಾಗದಿಂದ 9 ಮಿ.ಮೀ. ಹೊರಗೆ ನಿಲ್ಲುವಂತೆ ತೂಗುಗುಂಡು ನೋಡಿ ಮೊಳೆ ಹೊಡೆಯಬೇಕು. ಮುಂಭಾಗದ ಎರಡನೇ ಪದರವನ್ನು ಈ ಅಂಚಿಗೆ ಸರಿಯಾಗಿ ಎಳೆದು ಮುಗಿಸಿ. ಮರುದಿನ ರೀಪನ್ನು ಹೊರಕ್ಕೆ ಎಳೆಯದೆ, ಮೂಲೆಯಿಂದ ಮಗ್ಗುಲಿನ ಕಡೆಗೆ ಜಾರಿಸಿ ಬಿಡಿಸಿ. ಎಳೆದರೆ ಅಂಚು ಒಡೆಯುತ್ತದೆ. ನಂತರ ರೀಪನ್ನು ಮುಂಭಾಗದ ಹೊಸ ಗಾರೆಯ ಮೇಲೆ ಇಟ್ಟು, ಮೊಳೆ ಹೊಡೆಯದೆ ಮೇಲೆ ಕೆಳಗೆ ಊರುಗೋಲು ಕೊಟ್ಟು ನಿಲ್ಲಿಸಿ, ಮಗ್ಗುಲನ್ನು ಅದಕ್ಕೆ ಸರಿಯಾಗಿ ಎಳೆಯಿರಿ. ಚೂಪು ಅಂಚು ಬಾಳುವುದಿಲ್ಲ. ಗಾರೆ ಹಸಿಯಿರುವಾಗಲೇ 5 ಮಿ.ಮೀ.ನಷ್ಟು ದುಂಡು ಮಾಡಿಬಿಡಿ, ಆ ಕಾಲದ ಮನೆಗೆ ಹೊಂದುತ್ತದೆ ಕೂಡ.

ತೂಗುಗುಂಡು ಬಿಟ್ಟು ನೋಡಿದಾಗ ಈ ಗೋಡೆ ಮೇಲಿನಿಂದ ಕೆಳಕ್ಕೆ 14 ಮಿ.ಮೀ. ವಾಲಿತ್ತು. ಅದಷ್ಟನ್ನೂ ಗಾರೆಯಲ್ಲಿ ಸರಿಮಾಡಲು ಹೋದರೆ ಒಂದು ಕಡೆ ದಪ್ಪ 30 ದಾಟುತ್ತದೆ, ಮೇಲಿನ ಅಲಂಕಾರದ ಕಾರ್ನಿಸ್ ಗಾರೆಯೊಳಗೆ ಮುಳುಗುತ್ತದೆ. ಅರ್ಧ ಸರಿಮಾಡಿ ಅರ್ಧ ಬಿಟ್ಟದ್ದು ಸರಿಯಾಯಿತು. ಕಾರ್ನಿಸು, ಸ್ಕರ್ಟಿಂಗು ಇವೆರಡೂ ಗಾರೆಯ ದಪ್ಪ ಎಷ್ಟಿರಬೇಕೆಂದು ಹೇಳುತ್ತವೆ, ಮಟ್ಟಗೋಲಿಗಿಂತ ಅವುಗಳ ಮಾತು ಮುಖ್ಯ.

ಕಾಯುವುದು

ಮೊದಲ ಪದರ ಉಗುರಿಗೆ ಜಗ್ಗದಷ್ಟು ಗಟ್ಟಿಯಾದ ಮೇಲೆ ಎರಡನೆಯದು: ಬೇಸಿಗೆಯಲ್ಲಿ ಏಳರಿಂದ ಹತ್ತು ದಿನ, ತಣ್ಣಗಿದ್ದರೆ ಎರಡು ವಾರವೂ ಆದೀತು. 5 ಡಿಗ್ರಿಗಿಂತ ಕೆಳಗೆ ಕೆಲಸ ಹಿಡಿಯಬಾರದು. ಸುಣ್ಣ ಬಲಿಯುವುದು ನೀರಿನಿಂದ ಮತ್ತು ಗಾಳಿಯ ಇಂಗಾಲದ ಡೈಆಕ್ಸೈಡಿನಿಂದ. ಒಣಗುವುದೂ ಬಲಿಯುವುದೂ ಒಂದೇ ಅಲ್ಲ. ಬೇಗ ಒಣಗಲಿ ಎಂದು ರೇಡಿಯೇಟರ್ ಹಚ್ಚಿದರೆ ಗಾರೆ ಒಣಗಿ ಮರಳಾಗಿ ಉದುರುತ್ತದೆ. ಡೀಹ್ಯೂಮಿಡಿಫೈಯರ್ ಕೂಡ ಬೇಡ. ಮೊದಲ ನಾಲ್ಕೈದು ದಿನ ಬೆಳಿಗ್ಗೆ ಸಂಜೆ ಮಂಜಿನಂತೆ ನೀರು, ಗೋಡೆಯಿಂದ ನೀರು ಇಳಿಯುವಷ್ಟಲ್ಲ. ಪದರ ಹಾಕಿದ ಮರುದಿನ ಸಣ್ಣ ಕುಗ್ಗು ಬಿರುಕು ಕಂಡರೆ ಗಾಬರಿ ಬೇಡ, ತುಸು ನೀರು ಚಿಮುಕಿಸಿ ಮರದ ಫ್ಲೋಟಿನಿಂದ (ಹಿಡಿಯಿರುವ ಉಜ್ಜುಹಲಗೆ) ಒತ್ತಿ ಉಜ್ಜಿದರೆ ಮುಚ್ಚಿಕೊಳ್ಳುತ್ತದೆ.

ಎರಡನೇ ಪದರವನ್ನು 1.8 ಮೀಟರಿನ ಅಲ್ಯೂಮಿನಿಯಂ ಪಟ್ಟಿಯಿಂದ ಕೆಳಗಿನಿಂದ ಮೇಲಕ್ಕೆ, ಗರಗಸ ಆಡಿಸಿದ ಹಾಗೆ ಎಳೆದು ಮಟ್ಟ ಮಾಡಿ. ನಂತರ ಫ್ಲೋಟಿನ ಮೂಲೆಗಳಲ್ಲಿ ಮೊಳೆಯ ತುದಿ 2 ಮಿ.ಮೀ. ಹೊರಬರುವಂತೆ ಹೊಡೆದುಕೊಂಡು ಸುತ್ತಾಡಿಸಿದರೆ ಕೊನೆಯ ಪದರಕ್ಕೆ ಹಿಡಿತ ಸಿಗುತ್ತದೆ. ಮತ್ತೆ ಒಂದೆರಡು ವಾರ ಕಾಯಬೇಕು.

ಕೊನೆಯ ಪದರ ಎರಡು ಕೈ, ಒಂದೊಂದು 1.5 ಮಿ.ಮೀ. ಮೊದಲನೆಯದು ಬಿಗಿದುಕೊಳ್ಳುವಾಗ ಎರಡನೆಯದು. ಪ್ಲಾಸ್ಟಿಕ್ ಫ್ಲೋಟಿನಿಂದ ಸಮ ಮಾಡಿ, ಗಟ್ಟಿಯಾಗುತ್ತ ಬಂದಾಗ ಸ್ಟೀಲ್ ಕರಣೆ ಒಂದೆರಡು ಸಲ ಸಾಕು. ಹೊಳಪಿಗೆ ಆಸೆಪಟ್ಟು ಹತ್ತು ಸಲ ಎಳೆದರೆ ಸುಣ್ಣದ ತಿಳಿ ಮೇಲೆ ಬಂದು ಕೂದಲ ಬಿರುಕು ಬಲೆಯಾಗುತ್ತದೆ. ಪಕ್ಕದ ಗೋಡೆಯ ಹಳೆಯ ಜಿಪ್ಸಂ ಸೇರುವ ಒಳಮೂಲೆಯಲ್ಲಿ ಕರಣೆಯ ಅಂಚಿನಿಂದ ಕೊಯ್ದು ಎರಡನ್ನೂ ಬೇರ್ಪಡಿಸಿ. ಕೊಯ್ಯದಿದ್ದರೆ ಗೋಡೆ ತನಗೆ ಬೇಕಾದ ಕಡೆ ವಕ್ರವಾಗಿ ಕೊಯ್ದುಕೊಳ್ಳುತ್ತದೆ.

ಅಗ್ಗಿಷ್ಟಿಕೆಯ ಗೂಡಿನ ಒಳಗೋಡೆಗೆ ಈ ಸುಣ್ಣವೂ ಬೇಡ. ಅಲ್ಲಿ ಕ್ಯಾಲ್ಸಿಯಂ ಸಿಲಿಕೇಟ್ ಹಲಗೆ, ಇಲ್ಲವೇ ಬೆಂಕಿಗೂಡಿಗೆಂದೇ ಮಾರುವ ಶಾಖ ತಡೆಯುವ ಗಾರೆ.

ಆಮೇಲೆ ಕಾಣುವ ತೊಂದರೆ

ಮೊದಲ ತಿಂಗಳುಗಳಲ್ಲಿ ಬಿಳಿ ಪುಡಿ ಹೂಬಿಟ್ಟರೆ ಒಣ ಬ್ರಷ್ಷಿನಿಂದ ಉದುರಿಸಿ ವ್ಯಾಕ್ಯೂಮ್ ಮಾಡಿ, ಒದ್ದೆ ಬಟ್ಟೆಯಿಂದ ಒರೆಸಬೇಡಿ. ಒರೆಸಿದರೆ ಅದು ಮತ್ತೆ ಒಳಗೆ ಹೋಗುತ್ತದೆ. ಕಂದು ಕಲೆ ಒಂದೇ ಜಾಗದಲ್ಲಿ ಮತ್ತೆ ಬಂದರೆ ಕಲೆ ಮುಚ್ಚುವ ಸ್ಟೇನ್ ಬ್ಲಾಕ್ ಬಣ್ಣದ ಡಬ್ಬಿ ಹುಡುಕುವ ಮೊದಲು ಮಾಡಿನ ಸೀಸದ ತಗಡು ನೋಡಿ. ತಟ್ಟಿದಾಗ ಅಂಗೈ ಅಗಲ ಪೊಳ್ಳು ಸದ್ದು ಬಂದು, ಸುತ್ತ ಬಿರುಕಿಲ್ಲದಿದ್ದರೆ ಬಿಟ್ಟುಬಿಡಿ. ಬಿರುಕಿನ ಸಮೇತ ಇದ್ದರೆ ಚೌಕಾಕಾರ ಕೊಯ್ದು ಮೊದಲ ಪದರದಿಂದ ಮತ್ತೆ ಹಾಕಬೇಕು. ಉಪ್ಪು ವಿಪರೀತ ಇದ್ದು ಸುಣ್ಣವೂ ಸೋತರೆ, ಮತ್ತು ಒಲೆ ಉರಿಸುವುದಿಲ್ಲ ಎಂದಾದರೆ ಮಾತ್ರ, ಗುಬುಟುಗಳಿರುವ ಪ್ಲಾಸ್ಟಿಕ್ ಮೆಂಬ್ರೇನ್ ಹೊಡೆದು ಅದರ ಮೇಲೆ ಹೊಸ ಗೋಡೆ ಎಬ್ಬಿಸುವ ದಾರಿಯಿದೆ.

ಬಣ್ಣಕ್ಕೆ ಕನಿಷ್ಠ ನಾಲ್ಕು ವಾರ ಕಾಯಿರಿ. ವಿನೈಲ್ ಎಮಲ್ಷನ್ ಹೊಡೆದರೆ ಇಷ್ಟೂ ದಿನ ಉಸಿರಾಡಲಿ ಎಂದು ಮಾಡಿದ ಗೋಡೆಗೆ ಪ್ಲಾಸ್ಟಿಕ್ ಹೊದಿಸಿದಂತೆ. ಸುಣ್ಣದ ನೀರು ತೆಳುವಾಗಿ ನಾಲ್ಕು ಸಲ, ಅಥವಾ ಸಿಲಿಕೇಟ್ ಬಣ್ಣ. ಸ್ಟೌವ್ ಕೂರಿಸುವುದು ನೋಂದಾಯಿತ ಕೆಲಸಗಾರನೇ ಆಗಬೇಕು, ಇಲ್ಲವೇ ಕೌನ್ಸಿಲಿನ ಬಿಲ್ಡಿಂಗ್ ಕಂಟ್ರೋಲಿಗೆ ತಿಳಿಸಿ ಮಾಡಬೇಕು. ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕಡ್ಡಾಯ. ಮೊದಲ ಉರಿ ಎರಡು ಚಿಕ್ಕ ಕೊರಡು, ಒಂದು ಗಂಟೆ, ಅಷ್ಟೇ. ಪೂರ್ತಿ ಆರಿದ ಮೇಲೆ ಮರುದಿನ ಸ್ವಲ್ಪ ದೊಡ್ಡದು. ಹೀಗೆ ನಾಲ್ಕೈದು ಸಲ ಏರಿಸುತ್ತ ಹೋಗಿ, ಪ್ರತಿ ಸಲವೂ ಬಾಯಿಯ ಮೇಲ್ಮೂಲೆಗಳನ್ನು ಟಾರ್ಚ್ ಹಿಡಿದು ನೋಡಿ.